ತ್ರಿಭಂಗಿಯ ಮುಂದೆ ನಾನು ಮತ್ತು ನನ್ನ ಷಡ್ಡಕ

ವಯಸ್ಸಾದ ಮೇಲೆ ಓದಲು ಕೂತರೆ ಕಣ್ಣು ಮಂಜಾಗುತ್ತದೆ, ಸೊಂಟ ಹಿಡಿಯುತ್ತದೆ, ಓದಿದ್ದು ಮರೆತುಹೋಗುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ಇವು ಯಾವುವೂ ದೊಡ್ಡ ತೊಂದರೆಗಳಲ್ಲ. ಕಣ್ಣಿಗೆ ಕನ್ನಡಕವಿದೆ, ಸೊಂಟಕ್ಕೆ ಮುಲಾಮಿದೆ, ಮರೆವಿಗೆ ನೋಟ್‌ಬುಕ್ಕಿದೆ. ಆದರೆ ಪಕ್ಕದಲ್ಲಿ ಕೂತವನು ನಮಗಿಂತ ಜಾಣನಾಗಿಬಿಟ್ಟರೆ ಅದಕ್ಕೆ ಮಾತ್ರ ಯಾವ ಅಂಗಡಿಯಲ್ಲೂ ಮದ್ದು ಸಿಗುವುದಿಲ್ಲ. ಅವನು ನಮ್ಮ ಹೆಂಡತಿಯ ತಂಗಿಯ ಗಂಡನೇ ಆಗಿದ್ದರಂತೂ ಕೇಳುವುದೇ ಬೇಡ.

ನಾನು ನಿವೃತ್ತ ಹೆಡ್‌ಮಾಸ್ಟರು. ಐದಕ್ಕೆ ಏಳುವುದು, ಐದೂಕಾಲಿಗೆ ನಡಿಗೆ, ಆರಕ್ಕೆ ಕಾಫಿ. ನಿವೃತ್ತಿಯಾದ ಮೇಲೆ ವೇಳಾಪಟ್ಟಿ ಹಾಕಿಕೊಡಲು ಬೇರೆ ಯಾರೂ ಸಿಗದೆ ನನಗೆ ನಾನೇ ಹಾಕಿಕೊಂಡಿದ್ದೇನೆ. ಚಾಮರಾಜನಗರದಲ್ಲಿ ಭಾನುವಾರ ಹತ್ತು ಗಂಟೆಗೆ ಭಾರತೀಯ ಕಲಾ ಇತಿಹಾಸ ಮತ್ತು ಸೌಂದರ್ಯಶಾಸ್ತ್ರದ ತರಗತಿ ನಡೆಯುತ್ತದೆ, ಯಾವ ವಯಸ್ಸಿನವರೂ ಸೇರಬಹುದು ಎಂದು ತಿಳಿದಾಗ ಮೊದಲು ಹೆಸರು ಬರೆಸಿದವನು ನಾನೇ. ನವರಸಗಳ ಪಾಠವಾದ ವಾರ ಅವುಗಳನ್ನು ದಿನಕ್ಕಿಷ್ಟೆಂದು ಹಂಚಿ ಗೋಡೆಗೆ ಅಂಟಿಸಿದೆ. ಸೋಮವಾರ ಸಂಜೆ ಆರರಿಂದ ಏಳು ಶೃಂಗಾರ. ನನ್ನಾಕೆ ಗೌರಮ್ಮ ಏಳಕ್ಕೆ ಸರಿಯಾಗಿ ಬಾಗಿಲಲ್ಲಿ ನಿಂತು, "ಶೃಂಗಾರ ಮುಗುದಿದ್ರೆ ಒಸಿ ಸೊಪ್ಪು ಬಿಡಿಸ್ಕೊಡಿ" ಎನ್ನುತ್ತಿದ್ದಳು.

ನನಗೆ ಕಷ್ಟವಾದದ್ದು ತ್ರಿಭಂಗಿ ಒಂದೇ. ಕುತ್ತಿಗೆ ಒಂದು ಕಡೆ, ಸೊಂಟ ಇನ್ನೊಂದು ಕಡೆ, ಮಂಡಿ ಮತ್ತೊಂದು ಕಡೆ ವಾಲಿಸಿಕೊಂಡು ನಿಲ್ಲುವ ಭಂಗಿ ಅದು. ಸೇವೆಯಲ್ಲಿದ್ದಷ್ಟು ಕಾಲವೂ ಪ್ರಾರ್ಥನೆಯ ಸಾಲಿನಲ್ಲಿ ಹಾಗೆ ನಿಂತ ಮಕ್ಕಳಿಗೆಲ್ಲ "ನೆಟ್ಟಗೆ ನಿಲ್ಲು" ಎಂದು ಗದರಿದವನು ನಾನು. ಈಗ ನನ್ನ ಮಗಳ ವಯಸ್ಸಿನ ಮೇಡಂ ಪರದೆಯ ಮೇಲೆ ಚಿತ್ರ ತೋರಿಸಿ, ಈ ವಾಲುವಿಕೆಯಲ್ಲೇ ಚೆಲುವಿದೆ ಎನ್ನುತ್ತಿದ್ದರು. ಎಷ್ಟು ಚೆಲುವೆಯರನ್ನು ನೆಟ್ಟಗೆ ನಿಲ್ಲಿಸಿ ಕೆಡಿಸಿದೆನೋ ಎಂದುಕೊಂಡು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಇನ್ನು ಷಡ್ಡಕನ ವಿಚಾರ. ನಂಜುಂಡಪ್ಪ ಗುಂಡ್ಲುಪೇಟೆಯ ಕಡೆ ಚೆಂಡುಹೂವು ಬೆಳೆಯುತ್ತಾನೆ. ಒಂದು ಭಾನುವಾರ ನಮ್ಮ ಮನೆಗೆ ಬಂದವನು ನನ್ನ ಬ್ಯಾಗು ನೋಡಿ, ಎಲ್ಲಿಗೆ ಎಂದು ವಿಚಾರಿಸಿ, ನೆರಳಲ್ಲಿ ಕೂತಂಗಾಯ್ತದೆ ಎಂದು ಹಿಂದೆಯೇ ಬಂದ. ಬಂದವನು ಹೋಗಲೇ ಇಲ್ಲ. ಮರುವಾರ ತಾನೂ ಹೆಸರು ಬರೆಸಿದ. ಪುಸ್ತಕವಿಲ್ಲ, ಪೆನ್ನಿಲ್ಲ. ಬಸ್ಸಿನ ಮೇಲೆ ತಪ್ಪು ಹೊರಿಸಿ ಹತ್ತೂವರೆಗೆ ಬಂದು, ನಾನು ಹಿಡಿದಿಟ್ಟ ಜಾಗದಲ್ಲೇ ಕೂರುತ್ತಿದ್ದ. ಮೇಡಂ ಏನಾದರೂ ಕೇಳಿದರೆ ನಾನು ಕೈ ಎತ್ತುತ್ತಿದ್ದೆ, ಅವನು ಬಾಯಿ ಬಿಡುತ್ತಿದ್ದ. ಮೇಡಂ ನನಗೆ "ಸರಿ ಸರ್" ಎನ್ನುತ್ತಿದ್ದರು. ಅವನಿಗೆ "ಅರೆ, ಹೌದಲ್ಲ" ಎನ್ನುತ್ತಿದ್ದರು. ಈ ಎರಡರ ನಡುವಿನ ಅಂತರ ಎಷ್ಟೆಂದು ಪಾಠ ಮಾಡಿದವರಿಗೆ ಗೊತ್ತು. ನಾನೂ ದಡ್ಡರಿಗೆ "ಸರಿ ಕೂತ್ಕೋ" ಎಂದೇ ಹೇಳುತ್ತಿದ್ದುದು.

ಹೀಗಿರುವಾಗ ಮೇಡಂ ನಮ್ಮನ್ನು ಹರದನಹಳ್ಳಿಯ ಹಳೆಯ ದೇವಸ್ಥಾನಕ್ಕೆ ಕರೆದೊಯ್ಯುವುದಾಗಿ ಹೇಳಿದರು. ಮುಂದಿನ ತಿಂಗಳು ಬೇರೆ ಊರಿನ ವಿದ್ಯಾರ್ಥಿಗಳು ಬರುತ್ತಾರಂತೆ, ಅವರಿಗೆ ಶಿಲ್ಪಗಳ ಬಗ್ಗೆ ಹೇಳಲು ನಮ್ಮಲ್ಲೊಬ್ಬರನ್ನು ಅಲ್ಲೇ ಆರಿಸುವುದಂತೆ. ಮನೆಯವರೂ ಬರಬಹುದು. ಸರಿ, ಅಕ್ಕತಂಗಿಯರಿಬ್ಬರೂ ಪುಳಿಯೋಗರೆ ಕಟ್ಟಿಕೊಂಡು ಹೊರಟರು. ನನಗೆ ಆ ಆಯ್ಕೆ ಬೇಕೇಬೇಕಿತ್ತು. ಹಿಂದಿನ ದಿನವೇ ಹೋಗಿ, ಕಂಬದ ಮೇಲಿನ ಹೆಂಗಸಿನ ಶಿಲ್ಪವೊಂದನ್ನು ಟೇಪಿನಲ್ಲಿ ಅಳೆದು, ಮುಖದ ಉದ್ದಕ್ಕೂ ಮೈಯ ಉದ್ದಕ್ಕೂ ಲೆಕ್ಕ ತಾಳೆ ನೋಡಿ, ನಾಲ್ಕು ಪುಟ ಬರೆದಿದ್ದೆ.

ನನ್ನ ಸರದಿ ಬಂದಾಗ ಮೊದಲು ಎಲ್ಲರನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಹನ್ನೊಂದು ನಿಮಿಷ ಮಾತಾಡಿದೆ. ಕಿರೀಟದಿಂದ ಕಾಲ್ಗೆಜ್ಜೆಯವರೆಗೆ ಒಂದು ಒಡವೆಯನ್ನೂ ಬಿಡಲಿಲ್ಲ. ಮೇಡಂ "ಸರಿ ಸರ್" ಎಂದರು. ಆಮೇಲೆ ನಂಜುಂಡಪ್ಪ ಬಂದು ಆ ಶಿಲ್ಪವನ್ನೇ ಸುಮ್ಮನೆ ನೋಡುತ್ತ ನಿಂತ. ಪಾಠ ಮರೆತಿದ್ದಾನೆಂದು ನನ್ನ ಜೀವಕ್ಕೆ ತಂಪಾಯಿತು.

"ಇವ್ಳು ಚೆಂದ ಕಾಣ್ಲಿ ಅಂತ ಇಂಗೆ ನಿಂತಿಲ್ಲ ಕಣಣ್ಣ," ಎಂದ ನನ್ನ ಕಡೆ ತಿರುಗಿ. "ನಿಂತೂ ನಿಂತೂ ಕಾಲು ನೋಯ್ತಾವೆ. ಹೂ ಕುಯ್ಯೋ ಹೆಣ್ಮಕ್ಳು ಸಂಜೇಲಿ ಲಾರಿಗೆ ಕಾಯುವಾಗ ಇಂಗೇ ಒಂದ್ ಕಾಲಿನ್ ಭಾರ ಇನ್ನೊಂದಕ್ಕೆ ಬುಟ್ಕಂಡು ನಿಲ್ತರೆ. ಬತ್ತೀನಿ ಅಂದೋನು ಇನ್ನೂ ಬಂದಿಲ್ಲ. ಆದ್ರೂ ಮೊಕ ನೋಡು, ಬಂದೇ ಬತ್ತನೆ ಅಂತದೆ."

ಸಾಲು ಯಾವಾಗಲೋ ಚದುರಿ ಎಲ್ಲರೂ ಕಂಬದ ಹತ್ತಿರ ಸೇರಿದ್ದರು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅದನ್ನಾದರೂ ತಡೆದುಕೊಳ್ಳುತ್ತಿದ್ದೆ. ಗೌರಮ್ಮ ಆ ಕಲ್ಲಿನ ಮುಖವನ್ನೇ ನೋಡುತ್ತ, "ನಿಜ ಕಣಪ್ಪ ನಂಜುಂಡಪ್ಪ, ನೀನು ಹೇಳಿದ್ಮೇಲೆ ಕಾಣ್ತು" ಎಂದಳು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಹೇಳಿದ ಮೇಲೆ ಅವಳಿಗೆ ಏನಾದರೂ ಕಂಡದ್ದುಂಟೇ ಎಂದು ಊಟ ಮುಗಿಯುವವರೆಗೂ ಯೋಚಿಸಿದೆ. ಒಂದೂ ನೆನಪಾಗಲಿಲ್ಲ. ಆಯ್ಕೆ ಯಾರದಾಯಿತೆಂದು ಬೇರೆ ಹೇಳಬೇಕಿಲ್ಲ.

ಮನೆಗೆ ಬಂದವನೇ ನಂಜುಂಡಪ್ಪನ ಮಾತಿನಲ್ಲಿ ಶಾಸ್ತ್ರಕ್ಕೆ ವಿರುದ್ಧವಾದದ್ದು ಏನಾದರೂ ಸಿಕ್ಕೀತೆಂದು ನೋಟ್‌ಬುಕ್ಕು ತಿರುವಿಹಾಕಿದೆ. ಸಿಕ್ಕಿದ್ದು ಮೂವತ್ತಮೂರು ಸಂಚಾರಿ ಭಾವಗಳ ಪಟ್ಟಿ. ಅದರಲ್ಲಿ ಅಸೂಯೆ. ಲಕ್ಷಣಗಳು: ಹುಬ್ಬು ಗಂಟಿಕ್ಕುವುದು, ಬೇರೆಯವರ ಗುಣವನ್ನು ಹಳಿಯುವುದು, ತಪ್ಪು ಹುಡುಕುವುದು. ನನ್ನ ಅಂದವಾದ ಅಕ್ಷರದಲ್ಲಿ, ಕೆಂಪು ಶಾಯಿಯ ಅಡಿಗೆರೆ ಸಮೇತ ಇತ್ತು. ಒಂದೊಂದಕ್ಕೂ ಸರಿ ಗುರುತು ಹಾಕುತ್ತ ಹೋದೆ. ಪೂರ್ತಿ ಅಂಕ ಬಂತು. ಸಂಚಾರಿ ಭಾವಗಳು ನಮ್ಮ ಇಲಾಖೆಯ ಹಂಗಾಮಿ ನೌಕರರ ಹಾಗೆ, ಬಂದು ಹೋಗುತ್ತವೆ, ನಿಲ್ಲುವುದಿಲ್ಲ ಎಂದು ಬರೆದುಕೊಂಡಿದ್ದೇನೆ. ನನ್ನದು ಹರದನಹಳ್ಳಿಯಿಂದ ಬಂದು ಮೂರು ವಾರವಾಯಿತು, ಇನ್ನೂ ಹೋಗಿಲ್ಲ. ಇದನ್ನು ಕಾಯಂ ಮಾಡಲು ಶಾಸ್ತ್ರದಲ್ಲಿ ಅವಕಾಶವಿದೆಯೇ ಎಂದು ಮೇಡಂ ಅವರನ್ನು ಕೇಳಬೇಕು. ಆದರೆ ಕೇಳಲು ಧೈರ್ಯ ಬರುತ್ತಿಲ್ಲ. ಪಕ್ಕದಲ್ಲೇ ಕೂತಿರುವ ನಂಜುಂಡಪ್ಪ ಅದಕ್ಕೂ ಉತ್ತರ ಹೇಳಿಬಿಟ್ಟರೆ?