ಹಪ್ಪಳದ ಪಾಲಿನ ಬಿಸಿಲು

"ವಸಂತೀ, ನಾಳೆ ಮಧ್ಯಾಹ್ನದೊಳಗೆ ನಿನ್ನ ಅಪ್ಪನ ಮುಖದ ಮೇಲೆ ಒಂದು ಗೀರೂ ಇರುವುದಿಲ್ಲ. ಇದು ಕಮಲಾಕ್ಷನ ಮಾತು!"

ಮುಂಬೈ ಬಳಿಯ ಡೊಂಬಿವಲಿ ಕೈಗಾರಿಕಾ ವಲಯದ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಹದಿನೈದು ವರ್ಷ ಸವೆಸಿದವನ ಮಾತು. ಹೆಂಡತಿ ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಎಂಟು ದಿನದಿಂದ ಅವಳು ಬೈದೂ ಇರಲಿಲ್ಲ, ನಕ್ಕೂ ಇರಲಿಲ್ಲ. ಲ್ಯಾಮಿನೇಷನ್ ಮಾಡಿಸಿದ ಮದುವೆ ಫೋಟೋವನ್ನು ಹೊಳೆಸುತ್ತೇನೆಂದು ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ಉಜ್ಜಿದ ಮಹಾಪುರುಷ ಇವನೇ! ತೀರಿಕೊಂಡ ಅಪ್ಪನದೆಂದು ಅವಳ ಬಳಿ ಉಳಿದಿದ್ದ ಚಿತ್ರ ಅದೊಂದೇ.

"ಲ್ಯಾಬಿಗೆ ಹೊಸ ಪಾಲಿಮರ್ ಬಂದಿದೆ ಮಾರಾಯ್ತಿ! ಬಳಿದು ಬಿಸಿಲಿಗಿಟ್ರೆ ತಾನೇ ಮೆತ್ತಗಾಗಿ, ಗೀರು ತುಂಬಿ, ತಾನೇ ಗಟ್ಟಿಯಾಗ್ತದೆ. ಗಾಯ ಮಾಗಿದ ಹಾಗೆ!"

"ಬಿಸಿಲು ಎಲ್ಲುಂಟು?"

ಅದೇ ಪ್ರಶ್ನೆ. ಟೆರೇಸ್‌ಗೆ ಕಟ್ಟಡದ ಸೊಸೈಟಿಯವರು ಬೀಗ ಜಡಿದಿದ್ದರು. ಅಡುಗೆಮನೆ ಕಿಟಕಿಯ ಹೊರಚಾಚಿದ ಗ್ರಿಲ್‌ಗೆ ಹನ್ನೊಂದರಿಂದ ಹನ್ನೆರಡರವರೆಗೆ ಮಾತ್ರ ಬಿಸಿಲು. ಮೇ ತಿಂಗಳಲ್ಲಿ ಆ ಒಂದು ಗಂಟೆ ವಸಂತಿಯ ಹಲಸಿನ ಹಪ್ಪಳಗಳ ಪಿತ್ರಾರ್ಜಿತ ಆಸ್ತಿ!

ಭಾನುವಾರ ಅವಳು ಮಾರ್ಕೆಟಿಗೆ ಹೋದದ್ದೇ ತಡ, ಕಮಲಾಕ್ಷ ಲೇಪ ಬಳಿದು, ಹಪ್ಪಳಗಳನ್ನು ಒತ್ತರಿಸಿ ಫೋಟೋ ಮಲಗಿಸಿದ. ಒಂದು ಹಸಿ ಹಪ್ಪಳಕ್ಕೆ ಜಾಗ ಸಾಲಲಿಲ್ಲ. ಮಾವನ ಮುಖಕ್ಕಂತೂ ಬಿಸಿಲು ಬೀಳಲೇಬೇಕು. ಹಾಗಾಗಿ ಪಕ್ಕದಲ್ಲಿ ನಿಂತಿದ್ದ ಮದುಮಗನ, ಅಂದರೆ ತನ್ನದೇ ಮುಖದ ಮೇಲೆ ಅದನ್ನಿಟ್ಟ. ತ್ಯಾಗವೆಂದರೆ ಇದು!

ಹನ್ನೊಂದೂವರೆಗೆ ಪವಾಡ! ಮಾವ ನಿನ್ನೆ ಫೋಟೋ ತೆಗೆಸಿಕೊಂಡ ಹಾಗೆ ನಗುತ್ತಿದ್ದರು. ಹಪ್ಪಳ ಎತ್ತಲು ನೋಡಿದ. ಬರಲಿಲ್ಲ. ಅಂಚಿಗೆ ಚಾಕು ಹಾಕಿ ಕೊಯ್ದ. ಉಳಿದ ಬಿಸಿಲಿಗೆ ಕೊಯ್ದದ್ದು ಕೂಡಿಕೊಂಡಿತು. ಮತ್ತೆ ಕೊಯ್ದ, ಮತ್ತೆ ಕೂಡಿತು. ವಿಜ್ಞಾನ ಇಷ್ಟು ನಿಷ್ಠೆಯಿಂದ ದುಡಿದದ್ದನ್ನು ಅವನು ಲ್ಯಾಬಿನಲ್ಲೂ ಕಂಡಿರಲಿಲ್ಲ.

ಬಾಗಿಲ ಬೆಲ್ ಆಯಿತು. ವಸಂತಿ ಬಂದು ಫೋಟೋ ನೋಡಿದಳು.

"ಎಂತ ಇದು?"

"ಹಪ್ಪಳ."

"ಅದು ಗೊತ್ತುಂಟು. ನೀವೆಲ್ಲಿ?"

"ಅಡಿಯಲ್ಲಿದ್ದೇನೆ."

ಅವಳು ಚೀಲ ಕೆಳಗಿಟ್ಟು, ಅಪ್ಪನ ಕೆನ್ನೆಯ ಮೇಲೆ ಮೆಲ್ಲನೆ ಬೆರಳಾಡಿಸಿದಳು. ಕಣ್ಣು ತುಂಬಿ ಬಂತು. ಕಮಲಾಕ್ಷ ಚಾಕು ಕೆಳಗಿಟ್ಟ.

"ತಪ್ಪಾಯ್ತು ಮಾರಾಯ್ತಿ. ಅಪ್ಪನಿಗೆ ಬಿಸಿಲು ಸಿಗ್ಲಿ ಅಂತ..."

ಅಷ್ಟರಲ್ಲಿ ವಸಂತಿ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನೀವು ನೋಡ್ಲಿಕ್ಕೆ ಬಂದ ದಿನ, ಹುಡುಗ ಹೇಗೆ ಅಂತ ಅಪ್ಪನ ಹತ್ರ ಕೇಳಿದ್ದೆ. 'ಒಳ್ಳೆಯವ ಮಗಾ, ಆದ್ರೆ ಹಸಿ ಹಪ್ಪಳ. ಸ್ವಲ್ಪ ಬಿಸಿಲು ಕಾಣ್ಬೇಕು' ಅಂದಿದ್ರು."

ಹಪ್ಪಳದ ಸಮೇತ ಫೋಟೋವನ್ನು ಮೊಳೆಗೆ ತೂಗುಹಾಕಿ, ಹಪ್ಪಳವನ್ನೊಮ್ಮೆ ಬೆರಳಿನಿಂದ ಒತ್ತಿ ನೋಡಿದಳು.

"ಹದಿನೆಂಟು ವರ್ಷ ಆಯ್ತು ಅಪ್ಪಾ, ಇನ್ನೂ ಒಣಗಿಲ್ಲ!"