ದಂಡಿನ ದೊರೆಗಳು ಮಲಗಿದ್ದ ಜಾಗ

ಕುಣಿಗಲ್ ರಸ್ತೆಯಲ್ಲಿ, ಹೆಬ್ಬೂರಿನ ಆಚೆ ನನ್ನ ಹೆಂಡತಿಯ ತವರಿನವರದೊಂದು ತೋಟದ ಮನೆ ಇದೆ. ಶ್ರೀರಂಗಪಟ್ಟಣದ ಯುದ್ಧಕ್ಕೆ ಹೊರಟ ಇಂಗ್ಲಿಷರ ದಂಡು ಅಲ್ಲಿ ತಂಗಿತ್ತಂತೆ, ದೊಡ್ಡ ದೊಡ್ಡ ಆಫೀಸರುಗಳು ಅಲ್ಲೇ ಮಲಗಿದ್ದರಂತೆ. ಈಗ ಸೂರು ಸೋರುತ್ತದೆ. ಬಾಮೈದ ಶಿವಣ್ಣ ಅದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಬೇಕೆಂದು ಕೂತಿದ್ದ. ಹುಟ್ಟಿದ ಮನೆ ಹೋಗುತ್ತದಲ್ಲ ಎಂದು ನನ್ನ ಹೆಂಡತಿ ಗಿರಿಜ ಕಣ್ಣೊರೆಸಿಕೊಂಡಳು. ನಾನು ತುಮಕೂರಿನಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು. ಇದನ್ನು ಸರ್ಕಾರದಿಂದ ಸ್ಮಾರಕ ಮಾಡಿಸಿಬಿಟ್ಟರೆ ಯಾರೂ ಮುಟ್ಟುವ ಹಾಗಿಲ್ಲ, ರಿಪೇರಿಯೂ ಅವರದೇ ಎಂದು ಧೈರ್ಯ ಹೇಳಿದೆ. ಇತಿಹಾಸದ ವಿಷಯ ನನಗೆ ಬಿಡಿ ಎಂದೂ ಹೇಳಿದೆ. ಬಿಟ್ಟರು!

ಓಡಾಡಿ, ಕೈಕಾಲು ಹಿಡಿದು, ಪುರಾತತ್ವ ಇಲಾಖೆಯ ಮೇಡಂ ಒಬ್ಬರನ್ನು ಒಪ್ಪಿಸಿದೆ. ಅವರು ನೋಡಿ ಹೂಂ ಅಂದರೆ ಮನೆ ಉಳಿಯಿತು, ಇಲ್ಲದಿದ್ದರೆ ಕೆಡವುವುದೇ ಎಂದ ಶಿವಣ್ಣ. ಇನ್ನು ಅವರ ಜೀಪು ನಿಲ್ಲಿಸಲು ಜಾಗ ಬೇಕಲ್ಲ! ಮನೆಯ ಮಗ್ಗುಲಿಗೇ ಒಂದು ಹಾಳು ಕೊಟ್ಟಿಗೆ. ದಪ್ಪ ಗೋಡೆ, ಗೋಡೆಗೆ ತುಕ್ಕು ಹಿಡಿದ ಕಬ್ಬಿಣದ ಬಳೆಗಳು, ಒಳಗೆಲ್ಲ ತೆಂಗಿನ ಗರಿ. ಐತಿಹಾಸಿಕ ಸೌಧದ ಪಕ್ಕದಲ್ಲಿ ಇಂಥದ್ದು ಶೋಭೆಯಲ್ಲ ಎಂದು ತೀರ್ಮಾನಿಸಿ ಗುಬ್ಬಿಯಿಂದ ಜೆಸಿಬಿ ತರಿಸಿದೆ. ಅತ್ತೆ ಯಡಿಯೂರಿಗೆ ಹರಕೆ ತೀರಿಸಲು ಹೋಗಿದ್ದರು. ಶಿವಣ್ಣ ಅಡ್ಡ ಬರಲಿಲ್ಲ. ಯಾವುದನ್ನು ಕೆಡವಿದರೂ ಅವನಿಗೆ ಸಂತೋಷವೇ. ತಿಂಡಿ ಹೊತ್ತಿಗೆಲ್ಲ ನೆಲಸಮ. ಮೇಲೆ ಜಲ್ಲಿ ಹರಡಿಸಿ ಸುಣ್ಣದ ಗೆರೆಯನ್ನೂ ಎಳೆಸಿದೆ. ಗಿರಿಜ ನೋಡಿ ಪರವಾಗಿಲ್ಲ ಅಂದಳು. ಮದುವೆಯಾದ ಮೇಲೆ ನನಗೆ ಬಂದ ದೊಡ್ಡ ಪ್ರಶಸ್ತಿ ಅದು.

ಮಾರನೆಯ ದಿನ ಮೇಡಂ ಬಂದರು. ಜೀಪು ಸರಿಯಾಗಿ ಗೆರೆಯೊಳಗೆ ನಿಂತಿತು. ದಂಡನಾಯಕರು ಈ ಪಡಸಾಲೆಯಲ್ಲೇ ನಕ್ಷೆ ಹರಡಿಕೊಂಡು ಸಮಾಲೋಚಿಸಿದರು, ನಡುಮನೆಯಲ್ಲಿ ವಿಶ್ರಮಿಸಿದರು ಎಂದು ನಾನು ಪ್ರವಚನ ಶುರು ಮಾಡಿದೆ. ಆಗ ತಾನೇ ಬಸ್ಸಿಳಿದು ಹಿತ್ತಿಲ ದಾರಿಯಿಂದ ಬಂದ ಅತ್ತೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು.

"ನಡುಮನೇಲಾ? ಏನ್ ಮಾತು ಅಂತ ಆಡ್ತೀರಾ ಅಳಿಯಂದ್ರೆ? ಲಿಂಗಪೂಜೆ ಮಾಡೋ ಮನೆ ಇದು. ಮಾಂಸ ತಿನ್ನೋರ್ನ ಹೊಸ್ಲು ದಾಟಕ್ಕೆ ಬುಡ್ತಿದ್ರಾ ನಮ್ಮ ಹಿರೀಕ್ರು? ದೊರೆಗಳಾದ್ರೇನು, ಕೊಟ್ಟಿಗೇಲಿ ಮಲ್ಕಳಿ ಅಂದವ್ರೆ. ಕುದ್ರೆ ಕಟ್ಟಿದ ಬಳೆ ಇನ್ನೂ ಗೋಡೇಲೈತೆ. ಬನ್ನಿ ಮೇಡಂ, ತೋರಿಸ್ತೀನಿ."

ಅತ್ತೆ ಮುಂದೆ, ಮೇಡಂ ಹಿಂದೆ, ನಾನು ಎಲ್ಲರಿಗಿಂತ ಹಿಂದೆ. ಅತ್ತೆ ಜೀಪಿನ ಎದುರು ನಿಂತು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ದೊರೆಗಳು ಕಾಲೇ ಇಡದ ಮನೆಯನ್ನು ಸ್ಮಾರಕ ಅಂತ ಹೇಗೆ ಬರೆಯಲಿ ಸಾರ್ ಎಂದು ಮೇಡಂ ಮಜ್ಜಿಗೆ ಕುಡಿದು ಹೊರಟರು. ಅಷ್ಟು ದೊಡ್ಡ ದಂಡು ಬಂದು ಹೋದರೂ ಆ ಕೊಟ್ಟಿಗೆಯ ಒಂದು ಕಲ್ಲು ಅಲುಗಿರಲಿಲ್ಲ. ಅದಕ್ಕೆ ಇತಿಹಾಸದ ಮೇಷ್ಟ್ರೇ ಬರಬೇಕಾಯಿತು! ಗಿರಿಜ ಹೋಗಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. ಬೈದಿದ್ದರೆ ಚೆನ್ನಾಗಿತ್ತು, ನನಗೆ ನಿಜಕ್ಕೂ ಸಂಕಟವಾಯಿತು.

ಶಿವಣ್ಣ ಮಾತ್ರ ಬಹಳ ವಿನಯದಿಂದ ಹತ್ತಿರ ಬಂದ.

"ಭಾವ, ಆ ಜೆಸಿಬಿಯವ್ನು ಚೆನ್ನಾಗಿ ಕೆಲ್ಸ ಮಾಡವ್ನೆ. ನಂಬರ್ ಕೊಡಿ."

ನನ್ನ ಅಷ್ಟೂ ಸಂಶೋಧನೆಯಲ್ಲಿ ಖಚಿತವಾಗಿದ್ದ ಮಾಹಿತಿ ಅದೊಂದೇ. ಕೊಟ್ಟೆ.