ಖೊಟ್ಟಿ ಮೇಲಿಗೊಂದು ಇನ್‌ವರ್ಡ್ ನಂಬರು

ಬಂದ ಕಾಗದಕ್ಕೆ ಅದೇ ದಿನ ಉತ್ತರ ಕೊಡದಿದ್ದರೆ ನನಗೆ ಊಟ ಸೇರುವುದಿಲ್ಲ. ದೇವದುರ್ಗದ ಕಚೇರಿಯಲ್ಲಿ ಮೂವತ್ತು ವರ್ಷ ಟಪಾಲಿಗೆ ಮೊಹರು ಹೊಡೆದು ನಂಬರು ಹಾಕಿದ ಕೈ ಇದು. ನಿವೃತ್ತನಾಗಿ ರಾಯಚೂರಿಗೆ ಬಂದ ಮೇಲೂ ಮನೆಯಲ್ಲೊಂದು ಇನ್‌ವರ್ಡ್ ಪುಸ್ತಕ ಇಟ್ಟಿದ್ದೇನೆ. ಗ್ಯಾಸಿನ ರಸೀದಿಗೂ ಅದರಲ್ಲಿ ನಂಬರುಂಟು. ಇಂಥ ನಾನು ಒಂದೇ ಒಂದು ಕೆಲಸವನ್ನು ಎರಡು ವರ್ಷದಿಂದ ನಾಳೆ ನಾಳೆ ಎಂದು ತಳ್ಳುತ್ತ ಬಂದಿದ್ದೇನೆ. ಮಾನ್ವಿಯ ಬ್ಯಾಂಕಿನಲ್ಲಿರುವ ಜಂಟಿ ಖಾತೆಯಿಂದ, ತೀರಿಹೋದ ನನ್ನ ಹೆಂಡತಿ ಶಿವಮ್ಮನ ಹೆಸರು ತೆಗೆಸುವುದು. ಖಾತೆ ತೆರೆದ ದಿನ ಅವಳು, “ಆಫೀಸಿನಾಗ ನಿಮ್ಮ ಹೆಸ್ರು ಮೊದ್ಲಿರ್ಲಿ, ಇಲ್ಲಿ ನಂದಿರ್ಲಿ” ಎಂದು ಹಟ ಹಿಡಿದಿದ್ದಳು. ಈಗಲೂ ಪಾಸ್‌ಬುಕ್ ತೆರೆದರೆ ಅವಳು ಮೇಲೆ, ನಾನು ಕೆಳಗೆ. ಮನೆಯಲ್ಲೂ ಹಾಗೇ ಇತ್ತೆನ್ನಿ.

ಕಳೆದ ತಿಂಗಳು ಬ್ಯಾಂಕಿನ ಹೆಸರಿನಲ್ಲಿ ಫೋನಿಗೊಂದು ಇಮೇಲ್ ಬಂತು: “ಪ್ರಿಯ ಗ್ರಾಹಕರೇ, ಖಾತೆದಾರರ ವಿವರ ಇಂದೇ ಸರಿಪಡಿಸದಿದ್ದರೆ ಖಾತೆ ಬಂದ್. ಕೆಳಗಿನ ಲಿಂಕ್ ಒತ್ತಿರಿ.” ಸಿಕ್ಕಿಬಿದ್ದೆ ಅನ್ನಿಸಿತು. ಆದರೆ ಲಿಂಕ್ ಒತ್ತುವುದು ನನ್ನ ಪದ್ಧತಿಯಲ್ಲ. ಮೇಲನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ನಂಬರು ಕೊಟ್ಟು, ಮರಣ ಪ್ರಮಾಣಪತ್ರದ ಎರಡು ಪ್ರತಿ ಲಗತ್ತಿಸಿ ಮಾನ್ವಿ ಬಸ್ಸು ಹತ್ತಿದೆ. ಬಸ್ಸು ಕೆಟ್ಟು ನಿಲ್ಲಲಿ ಎಂದು ಜೀವನದಲ್ಲಿ ಮೊದಲ ಸಲ ಬಯಸಿದೆ. ಅದು ಹತ್ತು ನಿಮಿಷ ಮುಂಚೆಯೇ ಮುಟ್ಟಿಸಿತು.

ಕೌಂಟರಿನಲ್ಲಿದ್ದ ಹೆಣ್ಣುಮಗಳು ಕಾಗದ ನೋಡಿ ನಕ್ಕುಬಿಟ್ಟಳು. “ಸರ್, ಇದು ಖೊಟ್ಟಿ ಅದರೀ. ಇದ್ರಾಗ ನಿಮ್ಮ ಹೆಸ್ರು ಎಲ್ಲದ? ಕಳಿಸಿದ ವಿಳಾಸಾನೂ ನಮ್ದಲ್ಲ. ಮತ್ತ ನಾವು ಯಾವತ್ತರ ಇಷ್ಟು ಅವಸರ ಮಾಡೀವೇನ್ರಿ?”

ಆ ಕೊನೆಯ ಮಾತನ್ನು ಮಾನ್ವಿಯಲ್ಲಿ ಯಾರೂ ಅಲ್ಲಗಳೆಯಲಾರರು.

“ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟೀರೇನು?”

“ಸ್ವೀಕೃತಿ ಸಿಗದ ಕಡೆ ನಾ ಏನೂ ಕೊಡಂಗಿಲ್ಲ ಯವ್ವಾ.”

“ಚಲೋ ಆತು ಬಿಡ್ರಿ. ಹೆಂಗೂ ಬಂದೀರಿ, ಪ್ರಮಾಣಪತ್ರಾನೂ ತಂದೀರಿ. ಅಮ್ಮಾರ ಹೆಸ್ರು ತೆಗೆದುಬಿಡ್ಲೇನ್ರಿ? ಐದು ನಿಮಿಷದ ಕೆಲ್ಸ.”

ಐದು ನಿಮಿಷ! ಮೂವತ್ತೆಂಟು ವರ್ಷ ಜತೆಗಿದ್ದವಳು! ನಾನು ಫೈಲನ್ನು ಹಿಂದಕ್ಕೆಳೆದುಕೊಂಡೆ. “ಕಾಗದಾನೇ ಖೊಟ್ಟಿ ಅಂದಮ್ಯಾಲ ಅದರ ಮ್ಯಾಲ ಕ್ರಮ ಹ್ಯಾಂಗ ತಗೊಳ್ಳಾಕ ಬರ್ತದ? ನಿಯಮಕ್ಕ ವಿರುದ್ಧ.” ಅವಳು ನನ್ನ ಮುಖ ನೋಡಿದಳು. ಆಮೇಲೆ ಮುಂದಿನವರ ಪಾಸ್‌ಬುಕ್ಕಿಗೆ ಕೈ ಚಾಚಿದಳು.

ಅಂದಿನಿಂದ ಖೊಟ್ಟಿ ಮೇಲ್ ಗುರುತಿಸುವುದನ್ನು ನಮ್ಮ ಓಣಿಯವರಿಗೆಲ್ಲ ಹೇಳಿಕೊಡುತ್ತಿದ್ದೇನೆ. ನಿನ್ನೆ ಬ್ಯಾಂಕಿನಿಂದ ಇನ್ನೊಂದು ಬಂದಿದೆ. ನನ್ನ ಪೂರ್ತಿ ಹೆಸರಿದೆ, ವಿಳಾಸ ಸರಿಯಾಗಿದೆ, ಲಿಂಕಿಲ್ಲ, ಅವಸರವಿಲ್ಲ. ಬಿಡುವಾದಾಗ ಶಾಖೆಗೆ ಬಂದು ಖಾತೆದಾರರ ವಿವರ ಸರಿಪಡಿಸಿಕೊಳ್ಳಿ ಎಂದಷ್ಟೇ ಕೋರಿದ್ದಾರೆ. ಮೂರು ಸಲ ಓದಿದೆ. ಇಷ್ಟು ಅಚ್ಚುಕಟ್ಟಾದ ಖೊಟ್ಟಿಯನ್ನು ನಾನು ಈವರೆಗೆ ಕಂಡಿಲ್ಲ.